ಕಾದಂಬರಿಗೆ ನಾನು ಸೇರಿಸಿದ ಕರುಗಳು

ಆ ಕಾದಂಬರಿಯಲ್ಲಿ ಹಸುವೇ ಇರಲಿಲ್ಲ. ಆದರೂ ನಾನು ಅದರಲ್ಲಿ ನಾಲ್ಕು ಸಲ ಕರು ಹಾಕಿಸಿದೆ. ಯಾಕೆ ಎಂದು ಹೇಳಬೇಕಾದರೆ ನನ್ನ ಅತ್ತೆಯಿಂದಲೇ ಶುರು ಮಾಡಬೇಕು.

ನಾನು ಅಜ್ಜಂಪುರದ ಹುಡುಗಿ. ಐವತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಕಡೂರಿಗೆ ಬಂದೆ. ಗಂಡ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಯಗಟಿ ಕಡೆ ಒಂದಿಷ್ಟು ರಾಗಿ ಹೊಲ, ನಾಲ್ಕಾರು ಸಾಲು ತೆಂಗು. ಮನೆಯಲ್ಲಿ ಅತ್ತೆ, ನಾವಿಬ್ಬರು, ಮತ್ತೆ ನನ್ನ ನಾದಿನಿ. ಅವಳು ಹೆಚ್ಚುಕಡಿಮೆ ನನ್ನ ವಯಸ್ಸಿನವಳೇ. ಮದುವೆಯಾದ ಆರೇ ತಿಂಗಳಿಗೆ ಅವಳ ಗಂಡ ಬೊಂಬಾಯಿಯಲ್ಲಿ ಗಿರಣಿ ಕೆಲಸ ಸಿಕ್ಕಿದೆ, ಮನೆ ಹಿಡಿದು ಕರೆಸಿಕೊಳ್ಳುತ್ತೇನೆ ಎಂದು ಹೇಳಿ ಬೀರೂರಿನಲ್ಲಿ ರೈಲು ಹತ್ತಿದ್ದ. ಎರಡು ಕಾಗದ ಬರೆದ. ಆಮೇಲೆ ಸುಮ್ಮನಾದ. ನಾನು ಆ ಮನೆಗೆ ಕಾಲಿಡುವ ಹೊತ್ತಿಗೆ ಅದಾಗಿ ಮೂರು ವರ್ಷವಾಗಿತ್ತು.

ಅವನು ಬರುವುದಿಲ್ಲ ಎಂದು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಿದ್ದನ್ನು ನಾನು ಕೇಳಲಿಲ್ಲ. ಎಲ್ಲರೂ ‘ಬಂದಾಗ’ ಎಂದೇ ಮಾತಾಡುತ್ತಿದ್ದರು. ಆ ಹಸಿರು ಸೀರೆ ಅವರು ಬಂದಾಗ ಉಡುವೆಯಂತೆ. ಆ ಮಂಚ ಅವರು ಬಂದಾಗ ಹೊರಗೆ ತೆಗೆಯೋಣ. ನಾನೂ ಹೊಸ ಸೊಸೆ, ಎರಡು ತಿಂಗಳಲ್ಲಿ ‘ಬಂದಾಗ’ ಅನ್ನುವುದನ್ನು ಕಲಿತುಬಿಟ್ಟೆ.

ನಾದಿನಿ ಮಿಡ್ಲ್‌ಸ್ಕೂಲ್ ಪಾಸಾಗಿದ್ದಳು. ನನ್ನ ಗಂಡ ಶಿವಮೊಗ್ಗದ ಟೀಚರ್ ಟ್ರೈನಿಂಗಿಗೆ ಒಂದು ಅರ್ಜಿ ಫಾರಂ ತಂದುಕೊಟ್ಟಿದ್ದರು. ಅದನ್ನು ಅವಳು ಗೋಡೆಯ ಗೂಡಿನಲ್ಲಿ ಕುಂಕುಮದ ಭರಣಿಯ ಕೆಳಗೆ ಇಟ್ಟಿದ್ದಳು. ತುಂಬಿರಲಿಲ್ಲ, ಹರಿದೂ ಹಾಕಿರಲಿಲ್ಲ. ಹೋದರೆ ಗಂಡನನ್ನು ಕಾಯುವುದು ಬಿಟ್ಟಳು ಅಂತಾಗುತ್ತದೆ. ಹೋಗದಿದ್ದರೆ ಹುಣಸೆಹಣ್ಣು ಬಿಡಿಸುತ್ತಾ ಆಯಸ್ಸು ಕಳೆಯಬೇಕು. ಅವಳ ಪಾಲಿಗಿದ್ದದ್ದು ಇವೆರಡೇ.

ಹುಣಸೆಹಣ್ಣು ಸುಮ್ಮನೆ ಹೇಳಿದ್ದಲ್ಲ. ಮಧ್ಯಾಹ್ನ ಊಟವಾದ ಮೇಲೆ ಹಿಂದಿನ ಪಡಸಾಲೆಯಲ್ಲಿ ಅದನ್ನು ಗುಡ್ಡೆ ಹಾಕಿಕೊಂಡು ನಾರು, ಬೀಜ ಬಿಡಿಸಲು ಕೂರುತ್ತಿದ್ದೆವು. ನನಗೆ ಅದನ್ನು ಕಂಡರೆ ಆಗದು. ಉಗುರಿನ ಸಂದಿಯಲ್ಲಿ ಉರಿ. ಅದಕ್ಕೇ ಒಂದು ದಿನ ಉಪಾಯ ಮಾಡಿ, ಅತ್ತೆ, ನಾನು ಏನಾದರೂ ಓದಲೇ ಎಂದು ಕೇಳಿದೆ. ಓದುವವರ ಕೈ ಚೊಕ್ಕಟವಾಗಿರಬೇಕಲ್ಲ. ಅತ್ತೆಗೆ ಓದು ಬಾರದಿದ್ದರೂ ಕೇಳುವುದರಲ್ಲಿ ಪಳಗಿದ ಕಿವಿ. ಚಿಕ್ಕಂದಿನಲ್ಲಿ ದೇವಸ್ಥಾನದಲ್ಲಿ ಪುರಾಣ ಓದಿಸುತ್ತಿದ್ದಾಗ ಒಂದು ದಿನವೂ ತಪ್ಪಿಸದೆ ಹೋಗಿ ಕೂತವರು. ತಕ್ಷಣ ಒಪ್ಪಿದರು. ಬೀದಿಯ ಕೊನೆಯ ಮನೆಯಲ್ಲಿದ್ದ ಹೈಸ್ಕೂಲ್ ಮೇಷ್ಟರಿಂದ ನಾನೊಂದು ಕಾದಂಬರಿ ತಂದೆ. ನಮ್ಮ ತಾಯಂದಿರ ಕಾಲದಿಂದ ಹೆಸರಾದ ಪ್ರೇಮಕಥೆ. ನಾನು ಓದಿರಲಿಲ್ಲ. ಹೆಸರಷ್ಟೇ ಕೇಳಿದ್ದೆ.

ಮೊದಲ ದಿನವೇ ಸಿಕ್ಕಿಬಿದ್ದೆ. ಅಧ್ಯಾಯ ಮುಗಿದಾಗ ಹುಡುಗಿಯ ತಾಯಿ ಸತ್ತಿದ್ದಳು. ನಾನು ಪುಸ್ತಕ ಮುಚ್ಚಹೋದೆ. ಅತ್ತೆ ಹುಣಸೆಹಣ್ಣಿನಿಂದ ಕೈ ಎತ್ತಿ, “ಅಲ್ಲಿ ನಿಲ್ಲಿಸ್ಬಾರ್ದು ಕಣೇ. ಒಂದು ಒಳ್ಳೇದು ಬರೋಗಂಟ ಓದು” ಎಂದರು.

ಪುರಾಣ ಓದುವವರ ಪದ್ಧತಿ ಅದು. ಸಾವಿನ ಹತ್ತಿರ, ಶಾಪದ ಹತ್ತಿರ, ಅಳುವಿನ ಹತ್ತಿರ ಆವತ್ತಿನ ಓದು ನಿಲ್ಲಿಸಕೂಡದು. ನಿಲ್ಲಿಸಿದರೆ ಆ ಅಶುಭ ಕೇಳಿದವರ ಮನೆಯಲ್ಲೇ ಉಳಿದುಬಿಡುತ್ತದೆ. ಒಂದು ಹುಟ್ಟೋ, ಮದುವೆಯೋ, ಕಡೇಪಕ್ಷ ಯಾರಾದರೂ ಹೊಟ್ಟೆತುಂಬ ಉಂಡದ್ದೋ ಬರುವ ತನಕ ಓದಿ, ಆಮೇಲೆ ಮುಚ್ಚಬೇಕು. ಇಡೀ ಪುಸ್ತಕ ಮುಗಿದ ದಿನ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಕೇಳಿದವರಿಗೆಲ್ಲ ಸಕ್ಕರೆ ಕೊಬ್ಬರಿ ಹಂಚಬೇಕು. ಅದು ಮಂಗಳ. ಪುರಾಣ ಬರೆದವರಿಗೆ ಈ ವಿಚಾರ ಗೊತ್ತಿತ್ತು. ಕಾದಂಬರಿ ಬರೆದವರಿಗೆ ಯಾರು ಹೇಳಬೇಕು? ಪುಟದ ಮೇಲೆ ಪುಟ ಕಣ್ಣೀರೇ. ಮುಂದಿನ ಎರಡು ಪುಟ ಕಣ್ಣಾಡಿಸಿದರೂ ಒಂದು ಒಳ್ಳೆಯದು ಸಿಗದು. ಕೊನೆಗೆ, “ಆ ಹೊತ್ತಿಗೆ ಸರಿಯಾಗಿ ಕೊಟ್ಟಿಗೆಯಲ್ಲಿ ಕೆಂದ ಹಸು ಕರು ಹಾಕಿತು” ಎಂದು ನಾನೇ ಓದಿ ಪುಸ್ತಕ ಮುಚ್ಚಿದೆ. ಅತ್ತೆಗೆ ಸಮಾಧಾನವಾಯಿತು. ಹೆಣ್ಣು ಕರುವೋ ಗಂಡೋ ಎಂದು ಕೇಳಿದರು.

ಹೀಗೆ ಒಂದು ತಿಂಗಳಲ್ಲಿ ನಾಲ್ಕು ಕರುಗಳಾದವು. ಆ ಮನೆಯ ಹಾಲು ಯಾರು ಕುಡಿಯುತ್ತಿದ್ದರೋ.

ಕಥೆ ಹೀಗಿತ್ತು. ರೈಲು ದಾರಿಯ ಪಕ್ಕದ ಒಂದು ಒಣ ಊರು. ಅಲ್ಲೊಬ್ಬಳು ಹುಡುಗಿ, ಕಪ್ಪಗಿರುವವಳು, ಕೆನ್ನೆಯ ಮೇಲೆ ಸಿಡುಬಿನ ಕಲೆ. ಅವಳನ್ನು ಮೆಚ್ಚಿದ ಹುಡುಗ ಪಟ್ಟಣಕ್ಕೆ ಹೋಗುತ್ತಾನೆ, ಮಾವು ಹಣ್ಣಾಗುವುದರೊಳಗೆ ಬರುತ್ತೇನೆ ಎಂದು ಮಾತು ಕೊಡುತ್ತಾನೆ. ಅವಳು ಪ್ರತಿ ಶುಕ್ರವಾರ ಸ್ಟೇಷನ್ನಿಗೆ ಹೋಗಿ ಇಳಿಯುವವರ ಮುಖ ನೋಡಿಕೊಂಡು ಬರುತ್ತಾಳೆ. ಅರ್ಧ ಪುಸ್ತಕ ಓದುವಷ್ಟರಲ್ಲಿ ನನಗೆ ಗಾಬರಿ ಶುರುವಾಯಿತು. ನಾದಿನಿಯ ಕೈ ಆಗಾಗ ನಿಂತುಬಿಡುತ್ತಿತ್ತು. ಇದೆಂಥ ಪುಸ್ತಕ ತಂದುಬಿಟ್ಟೆ ಎಂದು ನನ್ನನ್ನೇ ಬೈದುಕೊಂಡೆ. ನಡುವೆ ನಿಲ್ಲಿಸೋಣವೆಂದರೆ ಅತ್ತೆ ಬಿಡುವ ಹಾಗಿಲ್ಲ. ಕೊನೆಯ ಅಧ್ಯಾಯವನ್ನು ಅವರಿಗೆ ಓದುವ ಹಿಂದಿನ ಸಂಜೆಯೇ ಒಬ್ಬಳೇ ಓದಿದೆ. ಅವನು ಬರುವುದಿಲ್ಲ. ಮಳೆಗಾಲದಲ್ಲಿ ಜ್ವರ ಹಿಡಿದು ಅವಳು ಸಾಯುತ್ತಾಳೆ. ಮರುದಿನ ಸಂಜೆ ಸ್ಟೇಷನ್ ಮಾಸ್ತರರು ಎಂದಿನಂತೆ ದೀಪ ಹಚ್ಚಿ, ಅವಳು ಕೂರುತ್ತಿದ್ದ ಕಲ್ಲುಬೆಂಚನ್ನು ಒಂದು ಸಲ ನೋಡಿ ಒಳಗೆ ಹೋಗುತ್ತಾರೆ. ಅಷ್ಟೇ.

ಮಾರನೆಯ ದಿನ ಅತ್ತೆ ಬೆಳಿಗ್ಗೆಯೇ ಕೊಬ್ಬರಿ ತುರಿದು, ಸಕ್ಕರೆ ಬೆರೆಸಿ ತಟ್ಟೆಯಲ್ಲಿಟ್ಟಿದ್ದರು. ನಾದಿನಿ ಎದುರಿಗೆ ಕೂತಿದ್ದಳು. ನಾನು ಪುಸ್ತಕ ತೆರೆದು, ಅವನು ರೈಲಿನಿಂದ ಇಳಿದ ಎಂದು ಓದಿದೆ. ಬಿಳಿ ಅಂಗಿ ತೊಟ್ಟಿದ್ದ ಎಂದೆ. ಅವಳು ಗುರುತು ಹಿಡಿಯಲಿಲ್ಲ ಎಂದೆ, ಆಮೇಲೆ ಹಿಡಿದಳು ಎಂದೆ. ಮದುವೆ ಮಾಡಿಸಿದೆ. ಹಾಳೆ ತಿರುಗಿಸುವುದನ್ನು ಮಾತ್ರ ಮರೆಯಲಿಲ್ಲ. ಅತ್ತೆ ಪುಸ್ತಕಕ್ಕೆ ಕುಂಕುಮವಿಟ್ಟು ಕೈ ಮುಗಿದರು. ಮೇಷ್ಟರ ಪುಸ್ತಕದ ಮೇಲೆ ಕುಂಕುಮದ ಕಲೆಯಾಯಿತು, ಉಜ್ಜಿದರೂ ಹೋಗಲಿಲ್ಲ. ನಾದಿನಿ ಸಕ್ಕರೆ ಕೊಬ್ಬರಿ ತಿಂದು, ಅಂಗೈ ಒರೆಸಿಕೊಂಡು, ಎದ್ದು ಒಳಗೆ ಹೋದಳು.

ಅದೇ ವಾರ ಅರ್ಜಿ ಕಳಿಸಲು ಕೊನೆಯ ದಿನವಿತ್ತು. ನನ್ನ ಗಂಡ ಕೇಳಿದಾಗ ಅವಳು, ಈ ವರ್ಷ ಬೇಡ, ನೋಡೋಣ ಎಂದಳು. ಒಂದು ಕಥೆ ಕೇಳಿ ಯಾರಾದರೂ ಹಾಗೆ ತೀರ್ಮಾನ ಮಾಡುತ್ತಾರೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಮಾಡುತ್ತಾರೆ ಎಂದೂ ಗೊತ್ತಿತ್ತು.

ಮರುವರ್ಷ ಆ ಕಾದಂಬರಿ ಸಿನಿಮಾ ಆಯಿತು. ತರೀಕೆರೆಯ ಟೆಂಟಿಗೆ ಬಂದಿದೆ ಎಂದು ಅಲ್ಲಿದ್ದ ನನ್ನ ಅಕ್ಕ ಕಾಗದ ಬರೆದಳು. ಅವಳ ಮಗುವಿನ ನಾಮಕರಣವೂ ಅದೇ ದಿನಗಳಲ್ಲಿ ಇತ್ತು. ಅತ್ತೆ ಅಲ್ಲಿಯವರೆಗೆ ಸಿನಿಮಾ ನೋಡಿದವರಲ್ಲ. ಆದರೆ ಇದು ನಾವು ಓದಿಸಿದ ಕಥೆ ಎಂದು ಹೊರಟೇಬಿಟ್ಟರು. ನಾನು ತಲೆನೋವು ಎಂದು ನೋಡಿದೆ, ನಡೆಯಲಿಲ್ಲ. ಬಸ್ಸಿನಲ್ಲಿ ತರೀಕೆರೆಯ ತನಕ ನನ್ನ ಪ್ರಾಣ ನನ್ನ ಕೈಯಲ್ಲಿರಲಿಲ್ಲ. ಪರದೆಯ ಮೇಲೆ ಆ ಹುಡುಗಿ ಸಾಯುತ್ತಾಳೆ, ಅತ್ತೆ ನನ್ನ ಕಡೆ ತಿರುಗುತ್ತಾರೆ, ನಾದಿನಿಯೂ ತಿರುಗುತ್ತಾಳೆ. ನಾನು ಯಾರ ಮುಖ ನೋಡಲಿ?

ಟೆಂಟಿನಲ್ಲಿ ಹೆಂಗಸರ ಕಡೆ ಮರಳಿನ ಮೇಲೆ ಚಾಪೆ ಹಾಸಿಕೊಂಡು ಕೂತೆವು. ಅವರಲ್ಲಿದ್ದದ್ದು ಒಂದೇ ಮಿಷನ್ನು, ಒಂದೊಂದು ರೀಲು ಮುಗಿದಾಗಲೂ ದೀಪ ಹಾಕಿ ಮುಂದಿನದನ್ನು ಏರಿಸುತ್ತಿದ್ದರು. ಆ ಬಿಡುವಿನಲ್ಲೆಲ್ಲ ಅತ್ತೆ ಲೆಕ್ಕ ಒಪ್ಪಿಸುವವರ ಹಾಗೆ, ಇದು ಪುಸ್ತಕದಲ್ಲಿ ಇತ್ತು, ಇದು ಇರಲಿಲ್ಲ ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಮೊದಲ ರೀಲಿಗೇ ನನಗೆ ರೇಗಿಹೋಯಿತು. ಪುಸ್ತಕದ ಕಪ್ಪು ಹುಡುಗಿ ಇಲ್ಲಿ ಹಿಟ್ಟು ಬಳಿದ ಹಾಗೆ ಬೆಳ್ಳಗಿದ್ದಳು. ಸಿಡುಬಿನ ಕಲೆ ಎಲ್ಲಿ ಹೋಯಿತೋ. ಮಣ್ಣಿನ ನೆಲದ ಮನೆಗೆ ಬದಲಾಗಿ ಕಂಬಗಳ ದೊಡ್ಡ ಮನೆ. ಅಂಗಳದಲ್ಲಿ ಒಂದು ನವಿಲು ಬೇರೆ. ನೀರು ಸೇದಿ ಕೈ ಬೊಬ್ಬೆ ಬಂದವಳು ಬಾವಿಯ ಸುತ್ತ ಕುಣಿಯುತ್ತಾ ಹಾಡುತ್ತಾಳೆ. ಪುಸ್ತಕದಲ್ಲಿ ಇಲ್ಲದ ಒಬ್ಬ ಆಳು, ಒಬ್ಬಳು ಕೆಲಸದವಳು ಬಂದು ಸುಮ್ಮಸುಮ್ಮನೆ ಬಿದ್ದು ಎದ್ದು ನಗಿಸುತ್ತಾರೆ. ಜನ ನಕ್ಕರು. ನಾನೂ ಒಂದು ಸಲ ನಕ್ಕೆ, ಆಮೇಲೆ ನಕ್ಕಿದ್ದಕ್ಕೆ ಸಿಟ್ಟು ಬಂತು.

ಆದರೆ ಕೊನೆಯ ರೀಲು ನನ್ನನ್ನು ಮಂಕು ಮಾಡಿಬಿಟ್ಟಿತು. ಜ್ವರ ಬಂದು ಅವಳು ಹಾಸಿಗೆ ಹಿಡಿದಳು. ನಾನು ಸೆರಗು ಕಚ್ಚಿಕೊಂಡು ಕಾದೆ. ಆಗ ರೈಲಿನ ಸದ್ದು. ಅವನು ಇಳಿದ. ಬಿಳಿ ಅಂಗಿ ತೊಟ್ಟಿದ್ದ. ಅವಳು ಗುರುತು ಹಿಡಿಯಲಿಲ್ಲ, ಆಮೇಲೆ ಹಿಡಿದಳು. ಹಾಡು, ಮದುವೆ, ಶುಭಂ.

ನಮ್ಮ ಪಡಸಾಲೆಯ ಹೊರಗೆ ನಾನು ಯಾರಿಗೂ ಹೇಳದ, ಎಲ್ಲೂ ಬರೆಯದ ಸುಳ್ಳು ಬಟ್ಟೆಯ ಪರದೆಯ ಮೇಲೆ ಮನುಷ್ಯರೆತ್ತರ ನಿಂತಿತ್ತು. ಬಿಳಿ ಅಂಗಿಯ ಸಮೇತ. ನನಗೆ ದಿಕ್ಕು ತಪ್ಪಿದಂತಾಯಿತು. ಒಂದು ಕ್ಷಣ, ಪುಸ್ತಕದಲ್ಲಿ ಇದ್ದದ್ದೇ ಹೀಗೆ, ನಾನೇ ಏನೋ ತಪ್ಪು ಓದಿಕೊಂಡಿದ್ದೆ ಅನ್ನಿಸಿತು. ಎದ್ದು ಹೊರಗೆ ಬರುವಾಗ ಅತ್ತೆ ತೀರ್ಪು ಕೊಟ್ಟರು. “ಎಲ್ಲಾ ಪುಸ್ತಕದಾಗಿದ್ದಂಗೇ ತೆಗ್ದವ್ರೆ. ಹಸ ಕರ ಹಾಕಿದ್ದು ಮಾತ್ರ ಒಂದೂ ತೋರಿಸ್ಲಿಲ್ಲ.”

ಊರಿಗೆ ಮರಳಿದ ಮೇಲೂ ಆ ಗೊಂದಲ ಬಿಡಲಿಲ್ಲ. ಸಿನಿಮಾ ತೆಗೆದವರ ಮೇಲೆ ನನಗೆ ಸಿಟ್ಟಿತ್ತು. ಇಷ್ಟು ದೊಡ್ಡ ಕಥೆಯನ್ನು ಕೆಡಿಸಿದರಲ್ಲ ಎಂದು. ಆದರೆ ಯಾವ ಬಾಯಲ್ಲಿ ಬೈಯಲಿ? ಅವರಿಗೂ ಟೆಂಟಿನ ತುಂಬ ನನ್ನ ಅತ್ತೆಯಂಥವರೇ ಕೂತಿದ್ದರೋ ಏನೋ, ಮಂಗಳವಾಗದೆ ಎದ್ದು ಹೋಗದವರು. ಹಾಗಾದರೆ ಕೆಡಿಸಿದ್ದು ಯಾರು? ಇಷ್ಟಾಗಿ, ಸಾಯಿಸಿದ್ದೇ ಸರಿ ಎಂದು ಹೇಳಲು ನನಗೆ ಮನಸ್ಸು ಬಾರದು. ಮೇಷ್ಟರ ಮನೆಗೆ ಹೋಗಿ ಪುಸ್ತಕ ಮತ್ತೆ ತಂದೆ. ಕುಂಕುಮದ ಕಲೆ ಹಾಗೇ ಇತ್ತು. ಕೊನೆಯ ಅಧ್ಯಾಯ ತೆಗೆದು ನೋಡಿದೆ. ಅವಳು ಸತ್ತೇ ಇದ್ದಳು.

ಅಷ್ಟರಲ್ಲಿ ಅರ್ಜಿಯ ಕಾಲ ಮತ್ತೆ ಬಂತು. ಈ ಸಲ ಕೇಳಿದ್ದಕ್ಕೆ ನಾದಿನಿ, ಇನ್ನೊಂದು ವರ್ಷ ನೋಡ್ತೀನಿ ಎಂದಳು. ಪುಸ್ತಕದಾಗೂ ಹಂಗೇ ಐತೆ, ಪಿಚ್ಚರ್ನಾಗೂ ಹಂಗೇ ಆಯ್ತು ಎಂದು ನಗುತ್ತಲೇ ಹೇಳಿದಳು. ಆದರೆ ಅವಳ ಕಣ್ಣು ನಗುತ್ತಿರಲಿಲ್ಲ. ಒಂದು ಸುಳ್ಳಾದರೆ ಹೇಗೋ ತಪ್ಪಿಸಿಕೊಳ್ಳುತ್ತಿದ್ದಳು. ಈಗ ಎರಡು ಸಾಕ್ಷಿಗಳು ಒಂದೇ ಮಾತು ಹೇಳುತ್ತಿದ್ದವು, ಮತ್ತು ಅದರಲ್ಲಿ ಒಂದು ನಾನು.

ಅತ್ತೆ ಕಾಯಿ ಕೀಳಿಸಲು ಯಗಟಿಗೆ ಹೋದ ದಿನ ನಾದಿನಿಯನ್ನು ಹಿತ್ತಿಲಿನ ಕಲ್ಲಿನ ಮೇಲೆ ಕೂರಿಸಿ, ಇದ್ದದ್ದನ್ನು ಇದ್ದ ಹಾಗೆ ಓದಿದೆ. ಒಂದು ಅಕ್ಷರ ಸೇರಿಸಲಿಲ್ಲ. ಅವಳು ಅಳುತ್ತಾಳೆ, ನನ್ನ ಮೇಲೆ ಹರಿಹಾಯುತ್ತಾಳೆ ಎಂದುಕೊಂಡಿದ್ದೆ. ಅವಳು ಸ್ಟೇಷನ್ ಮಾಸ್ತರರ ಭಾಗವನ್ನು ಇನ್ನೊಂದು ಸಲ ಓದು ಎಂದಳು. ಓದಿದೆ. ಪುಸ್ತಕ ಮುಚ್ಚಿದೆ. ಯಾವ ಹಸುವೂ ಕರು ಹಾಕಲಿಲ್ಲ.

“ಇದನ್ನ ಹೋದ್ವರ್ಷಾನೇ ಓದಿದ್ರೆ ಹೋದ್ವರ್ಷಾನೇ ಹೊಂಟೋಗ್ತಿದ್ದೆ ಕಣತ್ತಿಗೆ” ಎಂದಳು. “ಬರಲ್ಲ ಅಂತ ಯಾರಾದ್ರೂ ಒಬ್ರು ಅನ್ನಲಿ ಅಂತಾನೇ ಕೂತಿದ್ದೆ. ಎಲ್ರೂ ಒಳ್ಳೇದೇ ಅಂತಿದ್ರಿ.”

ಅವಳಿಗೆ ನೋವಾಗಬಾರದೆಂದು ಮಾಡಿದ್ದೆ. ಅವಳ ಒಂದು ವರ್ಷ ತಿಂದಿದ್ದೆ. ತಪ್ಪಾಯಿತು ಎಂದೆ. ಅವಳು ಅದನ್ನು ಕಿವಿಗೆ ಹಾಕಿಕೊಂಡ ಹಾಗೆ ಕಾಣಲಿಲ್ಲ. ಪುಸ್ತಕ ತೆಗೆದುಕೊಂಡು ಕೊನೆಯ ಪುಟ ನೋಡುತ್ತಿದ್ದಳು. ಇದನ್ನು ಬರೆದವರೂ ಸರಿಯಿಲ್ಲ ಎಂದಳು. “ಸಾಯೋದ್ಯಾಕೆ ಅವ್ಳು? ವಾರ್ವಾರ ಸ್ಟೇಷನ್ನಿಗೆ ಹೋಗೋಳು, ಒಂದಿನ ಟಿಕೀಟು ತಗಂಡು ತಾನೇ ಹತ್ಬಾರ್ದಾಗಿತ್ತಾ?”

ಅಷ್ಟು ಹೆಸರಾದ ಕಾದಂಬರಿ ಬರೆದವರಿಗೆ ಹೊಳೆಯದ್ದು, ಅಷ್ಟು ದುಡ್ಡು ಸುರಿದು ಸಿನಿಮಾ ತೆಗೆದವರಿಗೆ ಹೊಳೆಯದ್ದು, ನಾಲ್ಕು ಕರು ಹಾಕಿಸಿದ ನನಗೂ ಹೊಳೆಯದ್ದು. ಆ ಹುಡುಗಿ ಪುಸ್ತಕದ ಉದ್ದಕ್ಕೂ ರೈಲಿನ ಎದುರಿಗೇ ಇದ್ದಳು.

ಅರ್ಜಿ ಹೋಯಿತು, ಸೀಟು ಸಿಕ್ಕಿತು. ಅತ್ತೆ ಎರಡು ದಿನ ಮಾತು ಬಿಟ್ಟರು, ಮೂರನೆಯ ದಿನ ಚಕ್ಕುಲಿ ಸುಟ್ಟು ಡಬ್ಬಿಗೆ ತುಂಬಿದರು. ಟ್ರೈನಿಂಗ್ ಮುಗಿದ ಮೇಲೆ ಅವಳಿಗೆ ಅಜ್ಜಂಪುರದಲ್ಲೇ ಕೆಲಸವಾಯಿತು. ನನ್ನ ತೌರುಮನೆಯ ಹಿಂದಿನ ಕೋಣೆಯಲ್ಲಿ ಇದ್ದಳು. ನನ್ನ ತಾಯಿಗೆ ನನಗಿಂತ ಅವಳೇ ಹೆಚ್ಚಾದಳು. ಇದರ ಬಗ್ಗೆ ನನಗೆ ಹೊಟ್ಟೆಕಿಚ್ಚೂ ಇತ್ತು, ಹೇಳಿಬಿಡುತ್ತೇನೆ.

ಇಲ್ಲಿಗೆ ಮುಗಿದಿದ್ದರೆ ನನಗೂ ಒಂದು ನೆಮ್ಮದಿ ಇರುತ್ತಿತ್ತು. ಆದರೆ ಅರವತ್ತನೇ ಇಸವಿ ಕಳೆದು ಒಂದೆರಡು ವರ್ಷಕ್ಕೆ, ಒಂದು ಶುಕ್ರವಾರ, ಕಡೂರಿನ ನಮ್ಮ ಮನೆಯ ಬಾಗಿಲಲ್ಲಿ ಅವನು ಬಂದು ನಿಂತ. ತಗಡಿನ ಟ್ರಂಕು, ಮುಂದಲೆ ಬೋಳು, ಹಾಕಿದ್ದ ಅಂಗಿ ಬಿಳಿಯದೇ. ಅತ್ತೆ ಅಡುಗೆಮನೆಯಿಂದ ಓಡಿ ಬಂದು ಬಾಗಿಲಿಗೆ ಒರಗಿ ನಿಂತರು. ಆಮೇಲೆ ನನ್ನ ಕಡೆ ತಿರುಗಿ, “ನೀ ಓದಿದ್ದು ನಿಜ ಆಯ್ತಲ್ಲೇ” ಎಂದರು. ನನಗೆ ಸಂತೋಷವಾಗಬೇಕಿತ್ತೋ, ಹೆದರಿಕೆಯಾಗಬೇಕಿತ್ತೋ. ಎರಡೂ ಆಯಿತು, ಯಾವುದೂ ಸರಿಯಾಗಿ ಆಗಲಿಲ್ಲ. ಸುಳ್ಳು ಎಂದು ಒಪ್ಪಿಕೊಂಡು, ತಪ್ಪಾಯಿತು ಎಂದು ಹೇಳಿ ಮುಗಿಸಿದ್ದನ್ನು ಅವನು ಟ್ರಂಕಿನ ಸಮೇತ ಹೊತ್ತು ತಂದಿದ್ದ. ಹಾಗಾದರೆ ಅವಳಿಗೆ ನಾನು ನಿಜ ಓದಿ ಹೇಳಿದ್ದು ತಪ್ಪೇ?

ಬಸ್ಸಿನ ಕಂಡಕ್ಟರನ ಕೈಯಲ್ಲಿ ಅಜ್ಜಂಪುರಕ್ಕೆ ಹೇಳಿ ಕಳಿಸಿದೆವು. ನಾದಿನಿ ಭಾನುವಾರ ಬೆಳಗಿನ ಬಸ್ಸಿಗೆ ಬಂದಳು. ಅತ್ತೆ ತಟ್ಟೆಯ ತುಂಬ ಸಕ್ಕರೆ ಕೊಬ್ಬರಿ ಮಾಡಿ ದೇವರ ಮುಂದಿಟ್ಟಿದ್ದರು. ಸಿನಿಮಾದಲ್ಲಿ ಈ ಜಾಗಕ್ಕೆ ಅರ್ಧ ರೀಲು ಹಿಡಿದಿತ್ತು. ನಮ್ಮ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು. ಅವನು ಗಿರಣಿಯ ಕಥೆ ಹೇಳಿದ, ಕಾಯಿಲೆ ಬಿದ್ದದ್ದು ಹೇಳಿದ, ಕಾಗದ ಬರೆಯಲು ಮುಖವಿರಲಿಲ್ಲ ಎಂದ. ಅದರಲ್ಲಿ ನಿಜವೆಷ್ಟೋ. ಅವಳು ಎದುರಿಗೆ ಗೋಡೆಗೆ ಒರಗಿ ಕೂತು, ಪಾಠ ಒಪ್ಪಿಸುವ ಮಕ್ಕಳನ್ನು ಕೇಳಿಸಿಕೊಳ್ಳುವ ಹಾಗೆ ಪೂರ್ತಿ ಕೇಳಿಸಿಕೊಂಡಳು. ಬೊಂಬಾಯಿಗೆ ಬಾ, ಈಗ ಮನೆಯಿದೆ ಎಂದ.

ಅವಳು, “ನಾಳೆ ಬೆಳಿಗ್ಗೆ ಸ್ಕೂಲೈತೆ” ಎಂದಳು. ಸಿಟ್ಟಿನಿಂದಲ್ಲ. ಊಟ ಮಾಡಿಕೊಂಡು ಹೋಗಿ ಎಂದು ಅವನಿಗೆ ಹೇಳಿ, ತಾನೇ ಎಲೆ ಹಾಕಿ ಬಡಿಸಿದಳು. ಅವನು ತಲೆ ತಗ್ಗಿಸಿ ಉಂಡು, ಟ್ರಂಕು ಎತ್ತಿಕೊಂಡು ಹೊರಟ. ಅತ್ತೆ ಒಳಗೆ ಹೋಗಿ ಅತ್ತರು. ನನ್ನ ಗಂಡ ಅಂಗಳದಲ್ಲಿ ನಿಂತಿದ್ದರು.

ಮಧ್ಯಾಹ್ನದ ಬಸ್ಸಿಗೆ ಹೊರಡುವಾಗ ನಾದಿನಿ ದೇವರ ಮನೆಗೆ ಹೋಗಿ ಆ ತಟ್ಟೆ ಎತ್ತಿಕೊಂಡಳು. ಹಳೆಯ ಪೇಪರಿಗೆ ಸಕ್ಕರೆ ಕೊಬ್ಬರಿಯೆಲ್ಲ ಸುರಿದು ದೊಡ್ಡ ಪೊಟ್ಟಣ ಕಟ್ಟಿದಳು. ಸ್ಕೂಲಿನ ಮಕ್ಕಳಿಗೆ ಆಗುತ್ತದೆ ಅವ್ವ, ಸುಮ್ಮನೆ ಇರುವೆ ಹತ್ತುತ್ತದೆ ಎಂದು ಹೇಳಿ ಅದನ್ನು ಚೀಲಕ್ಕೆ ಹಾಕಿಕೊಂಡಳು. ಅತ್ತೆ ಬೇಡವೆನ್ನಲಿಲ್ಲ. ಅತ್ತೆ, ನಾನು ಇಬ್ಬರೂ ಬೀದಿಯ ಕೊನೆಯ ತನಕ ಹೋಗಿ ಕಳಿಸಿ ಬಂದೆವು.

ಒಳಗೆ ಬಂದು ಅತ್ತೆ ಖಾಲಿ ತಟ್ಟೆ ಕೈಗೆತ್ತಿಕೊಂಡು, ಅಂಚಿಗೆ ಅಂಟಿದ್ದ ನಾಲ್ಕು ಎಸಳು ಕೊಬ್ಬರಿಯನ್ನು ಬೆರಳಲ್ಲಿ ಒರೆಸಿದರು. ನನ್ನ ಮುಖ ನೋಡದೆಯೇ, “ಮಂಗಳ ಆಯ್ತೇನೇ?” ಎಂದು ಕೇಳಿದರು.

ಆಯಿತು ಅತ್ತೆ, ಎಂದೆ. ಇದ್ದದ್ದನ್ನು ಓದಿದೆನೋ, ನಾನೇ ಸೇರಿಸಿದೆನೋ, ನನಗೆ ಇವತ್ತಿಗೂ ಗೊತ್ತಿಲ್ಲ.